ಪೆಟ್ರೋಲ್ ಮುಗಿದ ಲೋಕದ ಹಳೇ ಆಕ್ಷನ್ ಸಿನಿಮಾಗಳು: ಯಾವುದನ್ನು ನೋಡೋದು, ಯಾವುದನ್ನು ಬಿಡೋದು

ಮಹಾಯುದ್ಧ ಆಗಿ ಹೋಗಿದೆ. ಊರುಗಳು ಸುಟ್ಟು ಕರಕಲಾಗಿವೆ. ಪೆಟ್ರೋಲ್ ಇಲ್ಲ, ಕುಡಿಯೋಕೆ ನೀರಿಲ್ಲ, ಸರ್ಕಾರ ಅನ್ನೋದೇ ಇಲ್ಲ. ತಗಡು ಬಡಿದ ಹಳೇ ಕಾರಿನಲ್ಲಿ ಒಬ್ಬ ಒಂಟಿ ಮನುಷ್ಯ ಬರುತ್ತಾನೆ, ಅವನ ಬೆನ್ನ ಹಿಂದೆ ಚರ್ಮದ ಜಾಕೆಟ್ ಹಾಕಿದ ಪುಂಡರ ದಂಡು. 1980ರ ದಶಕದಲ್ಲಿ ಇದೊಂದೇ ಕಥೆಯನ್ನು ಆಸ್ಟ್ರೇಲಿಯಾ, ಇಟಲಿ, ಫಿಲಿಪೀನ್ಸ್, ನ್ಯೂಜಿಲೆಂಡ್, ಅಮೆರಿಕ ಅಂತ ಎಲ್ಲ ಕಡೆ ಮತ್ತೆ ಮತ್ತೆ ತೆಗೆದರು. ಹೆಚ್ಚಿನವು ತೀರಾ ಕಡಿಮೆ ದುಡ್ಡಿನವು. ಈಗ ಅವುಗಳ ಹಳೇ ಪೋಸ್ಟರ್ ನೋಡಿ ಆಸೆ ಹುಟ್ಟಿ, ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು, ಅರ್ಧಕ್ಕೇ ಬೇಜಾರಾಗಿ ಇಡೀ ಬಗೆಯ ಮೇಲೇ ನಂಬಿಕೆ ಕಳೆದುಕೊಳ್ಳುವವರು ಜಾಸ್ತಿ. ಆಯ್ಕೆ ಸರಿಯಾಗಿದ್ದರೆ ಹಾಗಾಗಲ್ಲ.

ನಾನು ಅಳೆಯೋದು ಒಂದೇ ಲೆಕ್ಕದಲ್ಲಿ. ಇವು ಕೊರತೆಯ ಕಥೆಗಳು. ಕಥೆಯೊಳಗಿನ ಜನರ ಹತ್ತಿರ ಏನೂ ಇಲ್ಲ, ತೆಗೆದವರ ಹತ್ತಿರವೂ ಏನೂ ಇರಲಿಲ್ಲ. ಈ ಎರಡು ಕೊರತೆಗಳು ಒಂದೇ ಆದ ಕಡೆ ಸಿನಿಮಾ ಗೆಲ್ಲುತ್ತದೆ. ಹೊಸ ಕಾರು ಕೊಳ್ಳೋಕೆ ದುಡ್ಡಿಲ್ಲದ ನಿರ್ಮಾಪಕ ಗುಜರಿಯಿಂದ ಕಾರು ತರುತ್ತಾನೆ, ಕಥೆಯ ನಾಯಕನಿಗೂ ಸಿಗುವುದು ಗುಜರಿ ಕಾರೇ. ಅಲ್ಲಿ ಸುಳ್ಳು ಅನ್ನೋದೇ ಇಲ್ಲ. ಅದೇ ನಿರ್ಮಾಪಕ ಲೇಸರ್ ಗನ್ನು, ಭವಿಷ್ಯದ ಮಹಾನಗರ, ರೋಬೋಟ್ ಸೈನ್ಯ ತೋರಿಸೋಕೆ ಹೊರಟರೆ ಎರಡೇ ನಿಮಿಷದಲ್ಲಿ ಗುಟ್ಟು ರಟ್ಟಾಗುತ್ತದೆ. ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ಮೂಲ: ಆಸ್ಟ್ರೇಲಿಯಾ

ಹೊಸಬರಿಗೆ ಬರುವ ಮೊದಲ ಗೊಂದಲ ಇದು. 1979ರ ಮ್ಯಾಡ್ ಮ್ಯಾಕ್ಸ್ ನೋಡೋದಾ, 1981ರ ಎರಡನೇ ಭಾಗದಿಂದ ಶುರು ಮಾಡೋದಾ?

ಮೊದಲನೆಯದನ್ನು ತೆಗೆದ ಜಾರ್ಜ್ ಮಿಲ್ಲರ್ ಓದಿದ್ದು ವೈದ್ಯಕೀಯ. ತುರ್ತು ಚಿಕಿತ್ಸೆಯ ಕೆಲಸದಲ್ಲಿ ರಸ್ತೆ ಅಪಘಾತದ ಗಾಯಗಳನ್ನು ಕಣ್ಣಾರೆ ಕಂಡವರು. ಸುಮಾರು 4 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಥವಾ ಅದಕ್ಕೂ ಕಡಿಮೆ ದುಡ್ಡಿನಲ್ಲಿ, ಮೆಲ್ಬರ್ನ್ ಸುತ್ತಮುತ್ತಲಿನ ರಸ್ತೆಗಳಲ್ಲೇ ಚಿತ್ರೀಕರಣ ಮುಗಿಸಿದರು. ಶುರುವಿನ ಚೇಸ್‌ನಲ್ಲಿ ಒಂದು ನೀಲಿ ವ್ಯಾನ್ ಅಪ್ಪಚ್ಚಿಯಾಗುತ್ತದಲ್ಲ, ಅದು ಮಿಲ್ಲರ್ ಅವರ ಸ್ವಂತ ವ್ಯಾನ್. ಒಡೆದು ಹಾಕೋಕೆ ಬೇರೆ ಗಾಡಿ ಕೊಳ್ಳುವ ಸ್ಥಿತಿ ಇರಲಿಲ್ಲ. ಹಾಕಿದ ದುಡ್ಡಿಗೆ ಬಂದ ಗಳಿಕೆಯ ಲೆಕ್ಕದಲ್ಲಿ ಇದು ವರ್ಷಗಟ್ಟಲೆ ಗಿನ್ನೆಸ್ ದಾಖಲೆ ಇಟ್ಟುಕೊಂಡಿತ್ತು.

ಆದರೆ ಇಲ್ಲಿ ಲೋಕ ಇನ್ನೂ ಪೂರ್ತಿ ಮುಗಿದಿಲ್ಲ. ಪೊಲೀಸರಿದ್ದಾರೆ, ಆಸ್ಪತ್ರೆ ಇದೆ, ಹೋಟೆಲು ತೆರೆದಿದೆ. ಎಲ್ಲವೂ ಕುಸಿಯುತ್ತಾ ಇದೆ, ಅಷ್ಟೇ. ಮರುಭೂಮಿ, ತಗಡಿನ ಕೋಟೆ, ವಿಚಿತ್ರ ವೇಷದ ಪುಂಡರು ಬೇಕು ಅನ್ನುವವರು ಎರಡನೇ ಭಾಗವನ್ನೇ ಮೊದಲು ನೋಡಿ. ಕಥೆ ಅರ್ಥವಾಗೋಕೆ ಮೊದಲನೆಯದು ಬೇಕಿಲ್ಲ, ಹಿಂದೇನಾಯಿತು ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ.

ಎರಡನೆಯದಕ್ಕೆ ದುಡ್ಡು ಸುಮಾರು ಹತ್ತು ಪಟ್ಟು ಸಿಕ್ಕಿತು. ಹಾಗಾಗಿ ಇದನ್ನು ಕಡಿಮೆ ಬಜೆಟ್ಟಿನ ಸಿನಿಮಾ ಅನ್ನೋದು ಪೂರ್ತಿ ಸರಿಯಲ್ಲ. ಆದರೂ ಇದಿಲ್ಲದೆ ಉಳಿದದ್ದು ಯಾವುದೂ ಇಲ್ಲ. ನ್ಯೂ ಸೌತ್ ವೇಲ್ಸ್‌ನ ಬ್ರೋಕನ್ ಹಿಲ್ ಹತ್ತಿರದ ಬಟ್ಟಬಯಲಲ್ಲಿ ತೆಗೆದದ್ದು. ವಸ್ತ್ರವಿನ್ಯಾಸ ಮಾಡಿದ ನಾರ್ಮಾ ಮೊರಿಸೊ ಆಟಗಾರರು ತೊಡುವ ಭುಜಕವಚ, ಚರ್ಮದ ಬೆಲ್ಟು, ಹಕ್ಕಿಯ ಗರಿ ಎಲ್ಲ ಸೇರಿಸಿ ಕಟ್ಟಿದ ಆ ವೇಷವನ್ನು ಮುಂದಿನ ಹತ್ತು ವರ್ಷ ಜಗತ್ತಿನ ಎಲ್ಲರೂ ನಕಲು ಮಾಡಿದರು. ಶುರುವಿನಲ್ಲೇ ಒಂದು ದೃಶ್ಯ ಇದೆ. ಚೇಸ್ ಮುಗಿದು ಗಾಡಿ ಉರುಳಿ ಬಿದ್ದಿದೆ, ಟ್ಯಾಂಕಿನಿಂದ ಪೆಟ್ರೋಲ್ ಸೋರುತ್ತಿದೆ. ಈಗಷ್ಟೇ ಸಾವಿನಿಂದ ಪಾರಾದ ನಾಯಕ ಉಸಿರು ಬಿಡುವ ಮೊದಲೇ ಅದಕ್ಕೆ ಪಾತ್ರೆ ಹಿಡಿಯೋಕೆ ಓಡುತ್ತಾನೆ. ನೆಲದ ಮೇಲೆ ಚೆಲ್ಲಿದ್ದನ್ನೂ ಬಿಡದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಾನೆ. ಒಂದು ಮಾತೂ ಇಲ್ಲ. ಆ ಲೋಕದಲ್ಲಿ ಯಾವುದಕ್ಕೆ ಎಷ್ಟು ಬೆಲೆ ಅಂತ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ನನ್ನ ಆಯ್ಕೆ ಕೇಳಿದರೆ, ಮೊದಲ ದಿನ ಎರಡನೆಯದು, ಅದು ಇಷ್ಟವಾದರೆ ಹಿಂದಕ್ಕೆ ಹೋಗಿ ಮೊದಲನೆಯದು.

ಇಟಲಿ: ಬಣ್ಣ, ವೇಷ, ಅಬ್ಬರ

ಹಳೇ ಕ್ಯಾಸೆಟ್ ದಿನಗಳ ನೆನಪಿರುವವರು ಹುಡುಕುವುದು ಹೆಚ್ಚಾಗಿ ಇಟಲಿಯವನ್ನೇ. ಗೆದ್ದ ಹಾಲಿವುಡ್ ಚಿತ್ರದ ದಾರಿಯಲ್ಲೇ ಆರು ತಿಂಗಳಲ್ಲಿ ಹತ್ತು ಸಿನಿಮಾ ಹೊರಡಿಸುವುದು ರೋಮ್‌ನ ನಿರ್ಮಾಪಕರಿಗೆ ಕೌಬಾಯ್ ಚಿತ್ರಗಳ ಕಾಲದಿಂದಲೂ ರೂಢಿ. 1982-83ರಲ್ಲಿ ಅವರ ಮುಂದೆ ಎರಡು ಮಾದರಿ ಇದ್ದವು. ಒಂದು ಮ್ಯಾಡ್ ಮ್ಯಾಕ್ಸ್ ಎರಡನೇ ಭಾಗ. ಇನ್ನೊಂದು ಜಾನ್ ಕಾರ್ಪೆಂಟರ್ ಅವರ 1981ರ ಎಸ್ಕೇಪ್ ಫ್ರಮ್ ನ್ಯೂಯಾರ್ಕ್. ಎರಡನ್ನೂ ಕಲಸಿದರು. ಎಷ್ಟೋ ನಟರು ಅಮೆರಿಕದ ಹೆಸರಿಟ್ಟುಕೊಂಡರು, ಕೆಲವು ನಿರ್ದೇಶಕರೂ ಅಷ್ಟೇ.

ಇದು ಬರೀ ನಕಲು ಅಂತ ತಳ್ಳಿಹಾಕುವವರ ಮಾತು ನಾನು ಒಪ್ಪಲ್ಲ. ಅದೇ ಹೊತ್ತಿನಲ್ಲಿ ಸಿಸಿಲಿಯ ಕೊಮಿಸೊ ಎಂಬ ಊರಿನಲ್ಲಿ ಅಮೆರಿಕದ ಕ್ರೂಸ್ ಕ್ಷಿಪಣಿಗಳನ್ನು ತಂದಿಡುವ ತೀರ್ಮಾನವಾಗಿತ್ತು, ಜನ ಅದರ ವಿರುದ್ಧ ಬೀದಿಗೆ ಇಳಿದಿದ್ದರು. ಅಣುಯುದ್ಧ ನಾಳೆಯೇ ಆಗಬಹುದು ಅನ್ನುವ ಭಯ ನಿಜವಾಗಿ ಇದ್ದ ಕಾಲ ಅದು. ಈ ಸಿನಿಮಾಗಳ ಅಬ್ಬರದ ಕೆಳಗೆ ಆ ಭಯ ಇದೆ.

ಇವುಗಳಲ್ಲಿ ಆರಿಸುವುದು ಹೇಗೆ? ಎಂಜೊ ಕಾಸ್ಟೆಲಾರಿ ಎಂಬ ನಿರ್ದೇಶಕರ ಹೆಸರು ನೆನಪಿಡಿ, ಅವರವೇ ಎರಡು ಮುಖ್ಯ.

1982ರ '1990: ದಿ ಬ್ರಾಂಕ್ಸ್ ವಾರಿಯರ್ಸ್' ನನಗೆ ಇಟಲಿಯ ಸಾಲಿನಲ್ಲಿ ಎಲ್ಲಕ್ಕಿಂತ ಇಷ್ಟ. ಒಳಾಂಗಣ ರೋಮ್‌ನಲ್ಲಿ, ಹೊರಾಂಗಣ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲೇ ತೆಗೆದರು. ಅಲ್ಲಿ ಸೆಟ್ ಹಾಕುವ ಅಗತ್ಯವೇ ಇರಲಿಲ್ಲ. 1970ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸ್‌ನ ಎಷ್ಟೋ ಬೀದಿಗಳು ಬೆಂಕಿಗೆ ಸಿಕ್ಕಿ ಪಾಳು ಬಿದ್ದಿದ್ದವು, 1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರೇ ಬಂದು ಆ ಪಾಳು ಬೀದಿಯಲ್ಲಿ ನಿಂತು ನೋಡಿ ಹೋಗಿದ್ದರು. ಹಾಗಾಗಿ ಇಲ್ಲಿ ಕಾಣುವ ಒಡೆದ ಗೋಡೆ, ಖಾಲಿ ಕಿಟಕಿ ಎಲ್ಲ ಅಸಲಿ. ಬೈಕ್ ಗ್ಯಾಂಗಿನ ನಾಯಕ ಟ್ರ್ಯಾಶ್ ಪಾತ್ರ ಮಾಡಿದ ಮಾರ್ಕ್ ಗ್ರೆಗರಿ ಆಗಿನ್ನೂ ಹದಿಹರೆಯದ ಹುಡುಗ. ಒಂದು ದೃಶ್ಯದಲ್ಲಿ ಎರಡು ಗ್ಯಾಂಗುಗಳು ನದಿ ದಂಡೆಯಲ್ಲಿ ಮುಖಾಮುಖಿಯಾಗುತ್ತವೆ. ಬೈಕುಗಳು ಸಾಲಾಗಿ ನಿಂತಿವೆ, ಎಲ್ಲರೂ ಗಂಭೀರ. ಅಲ್ಲೇ ಪಕ್ಕದಲ್ಲಿ ಒಬ್ಬ ಇಡೀ ಡ್ರಮ್ ಸೆಟ್ ಇಟ್ಟುಕೊಂಡು ಬಾರಿಸುತ್ತಾ ಇರುತ್ತಾನೆ. ಅವನ್ಯಾರು, ಯಾಕೆ ಬಾರಿಸುತ್ತಿದ್ದಾನೆ ಅಂತ ಯಾರೂ ಹೇಳಲ್ಲ, ಕೇಳೋದೂ ಇಲ್ಲ. ಆ ಬಡಿತ, ಹಿಂದಿನ ಸೇತುವೆ, ಬೂದುಬಣ್ಣದ ಆಕಾಶ ಮೂರೂ ಸೇರಿ ಆ ಜಾಗಕ್ಕೆ ಒಂದು ಜೀವ ಬರುತ್ತದೆ. ದೊಡ್ಡ ಕಂಪನಿಯ ಸಿನಿಮಾ ಆಗಿದ್ದರೆ ಎಡಿಟಿಂಗ್ ಟೇಬಲ್ಲಿನಲ್ಲೇ ಇದನ್ನು ಕಿತ್ತು ಹಾಕುತ್ತಿದ್ದರು. ಇಂಥದ್ದಕ್ಕೇ ನಾನು ಈ ಸಿನಿಮಾಗಳ ಹತ್ತಿರ ಮತ್ತೆ ಮತ್ತೆ ಹೋಗುವುದು.

ಕಾಸ್ಟೆಲಾರಿ ಅವರ ಇನ್ನೊಂದು, 1983ರ ದಿ ನ್ಯೂ ಬಾರ್ಬೇರಿಯನ್ಸ್. ಇದು ಬಯಲಿನ ಕಥೆ. ಬಿಳಿ ಬಟ್ಟೆಯ ಖಳರ ಪಡೆ, ಸಿಡಿಯುವ ಬಾಣ ಬಿಡುವ ಫ್ರೆಡ್ ವಿಲಿಯಮ್ಸನ್, ಕಾರು ರಿಪೇರಿ ಮಾಡುವ ಪುಟ್ಟ ಹುಡುಗ. ನಾಯಕನ ಕಾರಿನ ಮೇಲೆ ಪಾರದರ್ಶಕ ಗುಮ್ಮಟ ಬೇರೆ. ಕ್ಲಾಡಿಯೊ ಸಿಮೊನೆಟ್ಟಿ ಅವರ ಸಿಂಥಸೈಜರ್ ಸಂಗೀತಕ್ಕಾದರೂ ನೋಡಬೇಕು. ಆದರೆ ನಾಯಕನ ಮೇಲೆ ಲೈಂಗಿಕ ಹಿಂಸೆ ನಡೆಯುವ ಒಂದು ದೃಶ್ಯ ಇದೆ. ಮನೆಮಂದಿ ಜತೆ ಕೂತು ನೋಡುವ ಸಿನಿಮಾ ಅಲ್ಲ.

ಬ್ರಾಂಕ್ಸ್ ಮತ್ತು ಬಾರ್ಬೇರಿಯನ್ಸ್ ಎರಡರಲ್ಲಿ ಒಂದೇ ನೋಡುವುದಾದರೆ? ಜಾಗದ ಸತ್ಯ ಬೇಕಾದವರಿಗೆ ಬ್ರಾಂಕ್ಸ್, ವೇಷಭೂಷಣ ಮತ್ತು ಸಂಗೀತದ ಹುಚ್ಚು ಇರುವವರಿಗೆ ಬಾರ್ಬೇರಿಯನ್ಸ್.

ಸೆರ್ಜಿಯೊ ಮಾರ್ಟಿನೊ ಅವರ '2019: ಆಫ್ಟರ್ ದಿ ಫಾಲ್ ಆಫ್ ನ್ಯೂಯಾರ್ಕ್' 1983ರದ್ದು. ಮಕ್ಕಳೇ ಹುಟ್ಟದ ಲೋಕದಲ್ಲಿ ಗರ್ಭ ಧರಿಸಬಲ್ಲ ಕೊನೆಯ ಹೆಣ್ಣನ್ನು ಹುಡುಕಿ ತರುವ ಕೆಲಸ ನಾಯಕನದ್ದು. ಕಲ್ಪನೆ ಬಹಳ ದೊಡ್ಡದು. ಶುರುವಿನಲ್ಲಿ ತೋರಿಸುವ ನಾಶವಾದ ನ್ಯೂಯಾರ್ಕ್ ಮಾತ್ರ ಪುಟ್ಟ ಮಾದರಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ನಾನು ಹೇಳಿದ ಲೆಕ್ಕ ಅಲ್ಲಿ ತಪ್ಪುತ್ತದೆ. ಸ್ವಲ್ಪ ತಾಳ್ಮೆಯಿಂದ ದಾಟಿಬಿಡಿ. ಕಥೆ ನಗರದ ಅಡಿಯ ಸುರಂಗಗಳಿಗೆ ಇಳಿದ ಮೇಲೆ ಕತ್ತಲು, ನೀರು, ತುಕ್ಕು ಹಿಡಿದ ಕಬ್ಬಿಣ ಎಲ್ಲ ಕೈಗೆಟುಕುವ ಹಾಗಾಗಿ ಹಿಡಿತ ಬರುತ್ತದೆ. ಅದೇ ವರ್ಷದ ಎಂಡ್‌ಗೇಮ್ ಕೂಡ ಪರವಾಗಿಲ್ಲ, ಮನುಷ್ಯರನ್ನು ಬೇಟೆಯಾಡುವ ಆಟವನ್ನು ಟಿವಿಯಲ್ಲಿ ತೋರಿಸುವ ಕಥೆ. ಅದು ನಡೆಯುವುದು 2025ರಲ್ಲಿ. ಇವರೆಲ್ಲ ಹೆದರಿ ಬರೆದ ವರ್ಷಗಳನ್ನು ನಾವು ಕಣ್ಣಾರೆ ಕಂಡಾಯಿತು ಅನ್ನುವುದು ಇವತ್ತು ನೋಡುವಾಗ ಸಿಗುವ ಬೇರೆಯದೇ ಅನುಭವ.

ಇನ್ನೊಂದನ್ನು ಹೇಳಲೇಬೇಕು. 1983ರ ವಾರಿಯರ್ ಆಫ್ ದಿ ಲಾಸ್ಟ್ ವರ್ಲ್ಡ್. ಮಾತಾಡುವ ಬೈಕು ಇದೆ, ಆ ಮಾತು ಬೇಗನೆ ತಲೆ ಚಿಟ್ಟು ಹಿಡಿಸುತ್ತದೆ. ಆದರೆ ನಾಯಕಿ ನಮ್ಮ ದೇಶದವರು, ಪರ್ಸಿಸ್ ಖಂಬಾಟಾ. ಮುಂಬಯಿಯ ಹುಡುಗಿ, 1965ರ ಮಿಸ್ ಇಂಡಿಯಾ, 1979ರ ಸ್ಟಾರ್ ಟ್ರೆಕ್ ಚಿತ್ರಕ್ಕೆ ತಲೆ ಬೋಳಿಸಿಕೊಂಡು ನಟಿಸಿದವರು. ಹಾಲಿವುಡ್‌ನಲ್ಲಿ ಭಾರತದ ನಟಿಗೆ ಬಾಗಿಲೇ ಇಲ್ಲದ ಕಾಲದಲ್ಲಿ ಅಷ್ಟು ದೂರ ಹೋದವರಿಗೆ ಇದಕ್ಕಿಂತ ಒಳ್ಳೆಯ ಪಾತ್ರಗಳು ಸಿಗಬೇಕಿತ್ತು. ಸಿನಿಮಾ ಸಾಧಾರಣ. ಅವರಿಗೋಸ್ಕರ ಒಮ್ಮೆ ನೋಡಬಹುದು.

ಫಿಲಿಪೀನ್ಸ್‌ನವು ಯಾರಿಗೆ?

ಸಿರಿಯೊ ಸ್ಯಾಂಟಿಯಾಗೊ ಎಂಬ ನಿರ್ದೇಶಕ ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ ಜತೆ ಸೇರಿ ಈ ಬಗೆಯವನ್ನು ಒಂದಾದ ಮೇಲೊಂದು ತೆಗೆದರು. 1983ರ ಸ್ಟ್ರೈಕರ್, 1985ರ ವೀಲ್ಸ್ ಆಫ್ ಫೈರ್, 1987ರ ಈಕ್ವಲೈಜರ್ 2000. ಹಳ್ಳಕೊಳ್ಳ, ಧೂಳು, ಓಡುವ ಗಾಡಿ, ಉರುಳುವ ಗಾಡಿ. ಸ್ಟಂಟ್ ಮಾಡುವವರ ಧೈರ್ಯಕ್ಕೆ ಕೈ ಮುಗಿಯಬೇಕು. ಆದರೆ ಎರಡು ನೋಡಿದರೆ ಸಾಕು, ಮೂರನೆಯದಕ್ಕೆ ಎಲ್ಲ ಒಂದೇ ಅನ್ನಿಸುತ್ತದೆ. ವೀಲ್ಸ್ ಆಫ್ ಫೈರ್‌ನಲ್ಲಿ ಹೆಂಗಸರನ್ನು ನಡೆಸಿಕೊಳ್ಳುವ ರೀತಿ ನನಗೆ ನೋಡೋಕಾಗಲ್ಲ, ಅದನ್ನು ಬಿಡಿ ಅಂತಲೇ ಹೇಳುತ್ತೇನೆ. ನೀರಿಗಾಗಿ ಹೊಡೆದಾಡುವ ಸ್ಟ್ರೈಕರ್ ಸಾಕು.

ಎರಡು ಮಾತಿಲ್ಲದೆ ಒಳ್ಳೆಯದು: ನ್ಯೂಜಿಲೆಂಡಿನ ಬ್ಯಾಟಲ್‌ಟ್ರಕ್

1982ರ ಈ ಚಿತ್ರದ ಹೆಸರೇ ಬಹಳ ಜನಕ್ಕೆ ಗೊತ್ತಿಲ್ಲ. ತೈಲ ಯುದ್ಧಗಳ ನಂತರದ ಲೋಕ. ಉಕ್ಕಿನ ಕವಚ ಹೊದಿಸಿದ ಒಂದೇ ಒಂದು ದೈತ್ಯ ಲಾರಿ, ಅದರೊಳಗೆ ಒಬ್ಬ ಕ್ರೂರ ಕರ್ನಲ್. ಎದುರಿಗೆ ಎಲ್ಲರೂ ಸೇರಿ ಮತ ಹಾಕಿ ತೀರ್ಮಾನ ಮಾಡುವ ಒಂದು ಪುಟ್ಟ ಊರು. ನಡುವೆ ಬೈಕಿನ ಮೇಲೆ ಬರುವ ಒಂಟಿ ನಾಯಕ, ಅಪ್ಪನಿಂದ ತಪ್ಪಿಸಿಕೊಂಡು ಬಂದ ಕರ್ನಲ್‌ನ ಮಗಳು. ಇಷ್ಟೇ. ದುಡ್ಡಿದ್ದದ್ದು ಒಂದು ಲಾರಿಗೆ ಅಂತ ಕಾಣುತ್ತದೆ, ಆದ್ದರಿಂದ ಇಡೀ ಕಥೆಯನ್ನೇ ಆ ಒಂದು ಲಾರಿಯ ಸುತ್ತ ಕಟ್ಟಿದ್ದಾರೆ. ಬುದ್ಧಿವಂತಿಕೆ ಅಂದರೆ ಇದು. ಸೆಂಟ್ರಲ್ ಒಟಾಗೊದ ಬೋಳು ಗುಡ್ಡಗಳು ಪುಕ್ಕಟೆಯಾಗಿ ಸಿಕ್ಕ ಸೆಟ್ಟು. ರಕ್ತಪಾತ ಉಳಿದವುಗಳಿಗಿಂತ ಕಡಿಮೆ. ಸ್ವಲ್ಪ ದೊಡ್ಡ ಮಕ್ಕಳ ಜತೆ ನೋಡೋಕೆ ಒಂದು ಹೆಸರು ಹೇಳಿ ಅಂದರೆ ನಾನು ಹೇಳುವುದು ಇದನ್ನೇ.

ಅಮೆರಿಕ: ಕಾರ್ಪೆಂಟರ್ ಮತ್ತು ಸೈಬೋರ್ಗ್

ಎಸ್ಕೇಪ್ ಫ್ರಮ್ ನ್ಯೂಯಾರ್ಕ್ ಸುಮಾರು 60 ಲಕ್ಷ ಡಾಲರಿನ ಸಿನಿಮಾ. ಇಟಲಿಯವಕ್ಕೆ ಹೋಲಿಸಿದರೆ ಶ್ರೀಮಂತ, ಹಾಲಿವುಡ್ ಲೆಕ್ಕದಲ್ಲಿ ಬಡವ. ನ್ಯೂಯಾರ್ಕ್ ಅಂತ ತೋರಿಸಿದ್ದು ಹೆಚ್ಚಾಗಿ ಸೇಂಟ್ ಲೂಯಿಸ್ ನಗರವನ್ನು. ನಾಯಕ ಗ್ಲೈಡರ್‌ನಲ್ಲಿ ಇಳಿಯುವಾಗ ಪರದೆ ಮೇಲೆ ಕಂಪ್ಯೂಟರ್ ಗೆರೆಗಳಲ್ಲಿ ಕಟ್ಟಡಗಳು ಮೂಡುತ್ತವಲ್ಲ, ಅದು ಕಂಪ್ಯೂಟರ್ ಅಲ್ಲವೇ ಅಲ್ಲ. ಆಗ ಕಂಪ್ಯೂಟರ್ ಚಿತ್ರಕ್ಕೆ ಬಹಳ ದುಡ್ಡು ಬೇಕಿತ್ತು. ಕಟ್ಟಡಗಳ ಪುಟ್ಟ ಮಾದರಿಗೆ ಕಪ್ಪು ಬಣ್ಣ ಬಳಿದು, ಅಂಚುಗಳಿಗೆ ಬೆಳಕು ಹೊಳೆಯುವ ಟೇಪು ಅಂಟಿಸಿ, ಅದರ ನಡುವೆ ಕ್ಯಾಮೆರಾ ಓಡಿಸಿದರು. ಗೊತ್ತಾದ ಮೇಲೆ ಆ ದೃಶ್ಯ ಇನ್ನೂ ಇಷ್ಟವಾಗುತ್ತದೆ.

1989ರ ಸೈಬೋರ್ಗ್ ಹುಟ್ಟಿದ ಕಥೆಯೇ ಒಂದು ಸಿನಿಮಾ. ಕ್ಯಾನನ್ ಎಂಬ ಸಿನಿಮಾ ಕಂಪನಿ ಮಾಸ್ಟರ್ಸ್ ಆಫ್ ದಿ ಯೂನಿವರ್ಸ್ ಚಿತ್ರದ ಎರಡನೇ ಭಾಗ ಮತ್ತು ಒಂದು ಸ್ಪೈಡರ್‌ಮ್ಯಾನ್ ಚಿತ್ರ ಮಾಡೋಕೆ ಸೆಟ್ಟು, ಬಟ್ಟೆಗೆಲ್ಲ ಖರ್ಚು ಮಾಡಿತ್ತು. ದುಡ್ಡಿನ ಬಿಕ್ಕಟ್ಟಿನಲ್ಲಿ ಎರಡೂ ನಿಂತುಹೋದವು. ಉಳಿದ ಸಾಮಾನು ವ್ಯರ್ಥವಾಗಬಾರದು ಅಂತ ನಿರ್ದೇಶಕ ಆಲ್ಬರ್ಟ್ ಪ್ಯೂನ್ ಅವಸರದಲ್ಲಿ ಕಥೆ ಹೊಸೆದು, ಸುಮಾರು 5 ಲಕ್ಷ ಡಾಲರಿನಲ್ಲಿ, ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಸಿನಿಮಾ ಮುಗಿಸಿದರು. ನಾಯಕ ಜಾನ್ ಕ್ಲಾಡ್ ವ್ಯಾನ್ ಡ್ಯಾಮ್. ಅವನನ್ನು ಹಡಗಿನ ಕಂಬಕ್ಕೆ ಶಿಲುಬೆಗೇರಿಸಿ ಬಿಟ್ಟು ಹೋಗುತ್ತಾರೆ, ಅವನು ಹಿಮ್ಮಡಿಯಿಂದ ಒದ್ದೂ ಒದ್ದೂ ಆ ಕಂಬವನ್ನೇ ಮುರಿಯುತ್ತಾನೆ. ಮಾತು ಕಡಿಮೆ, ಹೊಡೆದಾಟ ಜಾಸ್ತಿ, ಕೊನೆಯದ್ದು ಸುರಿವ ಮಳೆಯಲ್ಲಿ. ಕಾರು ಬೇಕು ಅನ್ನುವವರಿಗೆ ಇದರಲ್ಲಿ ಏನೂ ಇಲ್ಲ, ಎಲ್ಲ ಕಾಲ್ನಡಿಗೆ. ಕೈಕಾಲಿನ ಹೊಡೆದಾಟ ಇಷ್ಟಪಡುವವರು ಮೊದಲು ಇದನ್ನೇ ನೋಡಿ.

ನಮ್ಮಲ್ಲೂ ಈ ಚಿತ್ರಗಳು ಹತ್ತಿರವಾಗೋಕೆ ಈ ಕಡಿಮೆ ಮಾತೂ ಒಂದು ಕಾರಣ ಅಂತ ನನ್ನ ಅನಿಸಿಕೆ. ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಕ್ಯಾಸೆಟ್ ಹಾಕುತ್ತಿದ್ದ ಕಾಲದಲ್ಲಿ, ದೊಡ್ಡವರ ಸಿನಿಮಾ ಮುಗಿದು ಅವರು ಮಲಗಿದ ಮೇಲೆ ಹುಡುಗರು ಹಾಕುತ್ತಿದ್ದದ್ದು ಇಂಥ ಇಂಗ್ಲಿಷ್ ಆಕ್ಷನ್. ಇಂಗ್ಲಿಷ್ ಬರಬೇಕಿರಲಿಲ್ಲ. ನೀರು ಯಾರ ಹತ್ತಿರ ಇದೆ, ಯಾರು ಕಿತ್ತುಕೊಳ್ಳೋಕೆ ಬಂದಿದ್ದಾರೆ, ಇಷ್ಟು ಗೊತ್ತಾದರೆ ಸಾಕಿತ್ತು. ಟ್ಯಾಂಕರ್ ಬಂದಾಗ ಕೊಡಪಾನ ಹಿಡಿದು ಸಾಲಲ್ಲಿ ನಿಂತವರಿಗೆ ನೀರಿನ ಜಗಳವನ್ನು ಬಿಡಿಸಿ ಹೇಳಬೇಕಾ?

ಹೊಸದರಲ್ಲಿ ಒಂದು

ಹಳೆಯದರ ನೆನಪಿನಲ್ಲಿ ಈಗ ತೆಗೆಯುವವು ಬಹಳ ಇವೆ, ಹೆಚ್ಚಿನವು ಪೋಸ್ಟರಿಗಷ್ಟೇ ಚೆನ್ನ. 2015ರ ಟರ್ಬೊ ಕಿಡ್ ಬೇರೆ. ಕೆನಡಾದ ಮೂವರು ನಿರ್ದೇಶಕರು ಸೇರಿ ತೆಗೆದದ್ದು, ಕಥೆ ನಡೆಯುವುದು 1997ರಲ್ಲಿ. ಪೆಟ್ರೋಲ್ ಇಲ್ಲ ಅಂದಮೇಲೆ ಕಾರು ಎಲ್ಲಿಂದ ಬರಬೇಕು ಅಂತ ಎಲ್ಲರನ್ನೂ ಸೈಕಲ್ ಮೇಲೆ ಕೂರಿಸಿದ್ದಾರೆ. ಖಳರೂ ಸೈಕಲ್ ತುಳಿದೇ ಬೆನ್ನಟ್ಟಬೇಕು. ಆ 80ರ ದಶಕದವರಿಗೂ ಹೊಳೆಯದ ಮಾತು ಇದು, ಅಲ್ವಾ? ಆಪಲ್ ಎಂಬ ಹುಡುಗಿಯ ಪಾತ್ರದಲ್ಲಿ ಲಾರೆನ್ಸ್ ಲೆಬೊಫ್ ಮನಸ್ಸು ಗೆಲ್ಲುತ್ತಾರೆ. ರಕ್ತ ಮಾತ್ರ ಕಾರಂಜಿಯಂತೆ ಚಿಮ್ಮುತ್ತದೆ, ಅದು ಆಗದವರು ಹತ್ತಿರ ಹೋಗಬೇಡಿ.

ಯಾವ ಪ್ರತಿ, ಯಾವ ಹೆಸರು

ಹಳೇ ಟೇಪಿನ ಮಸುಕು ಚಿತ್ರವೇ ಚೆಂದ ಅನ್ನುವ ಮಾತು ಕೇಳುತ್ತೇನೆ. ಪ್ರೀತಿಯಿಂದ ಹೇಳುವ ಮಾತು ಅದು, ಆದರೂ ನನ್ನ ಸಲಹೆ ಬೇರೆ. ಮ್ಯಾಡ್ ಮ್ಯಾಕ್ಸ್, ಕಾರ್ಪೆಂಟರ್ ಚಿತ್ರ ಇವೆಲ್ಲ ಅಗಲ ಪರದೆಗೆ ತೆಗೆದವು. ಟೇಪಿನಲ್ಲಿ ಎರಡೂ ಬದಿ ಕತ್ತರಿಸಿ ಚೌಕಕ್ಕೆ ತುರುಕಿದ್ದರು, ಬೆನ್ನಟ್ಟಿ ಬರುವ ಗಾಡಿ ಎಷ್ಟೋ ಸಲ ಚಿತ್ರದಿಂದ ಆಚೆಯೇ ಉಳಿಯುತ್ತಿತ್ತು. ಹೊಸದಾಗಿ ಸರಿಪಡಿಸಿದ ಅಗಲ ಪ್ರತಿ ಸಿಕ್ಕರೆ ಅದನ್ನೇ ಹಿಡಿಯಿರಿ. ಮೊದಲ ಮ್ಯಾಡ್ ಮ್ಯಾಕ್ಸ್‌ಗೆ ಅಮೆರಿಕದಲ್ಲಿ ಅವರದ್ದೇ ಉಚ್ಚಾರಣೆಯ ದನಿ ಕೊಟ್ಟು ಬಿಡುಗಡೆ ಮಾಡಿದ್ದರು, ಅದು ಬೇಡ, ಆಸ್ಟ್ರೇಲಿಯಾದ ಮೂಲ ದನಿ ಇರುವುದು ಬೇಕು. ಇಟಲಿಯವಕ್ಕೆ ಈ ತಲೆನೋವಿಲ್ಲ. ಅಲ್ಲಿ ಮಾತನ್ನೆಲ್ಲ ಆಮೇಲೆ ಸೇರಿಸುವುದೇ ಪದ್ಧತಿ, ಇಂಗ್ಲಿಷ್ ಹಾಕಿದರೂ ಇಟಾಲಿಯನ್ ಹಾಕಿದರೂ ಯಾರದೋ ತುಟಿಗೆ ಮಾತು ಕೂಡುವುದಿಲ್ಲ.

ಹುಡುಕುವಾಗ ಒಂದೇ ಹೆಸರಿನಲ್ಲಿ ಸಿಗಲಿಲ್ಲ ಅಂತ ಬಿಡಬೇಡಿ. ದೇಶ ದೇಶಕ್ಕೆ ಹೆಸರು ಬದಲಿಸಿ ಮಾರಿದ್ದಾರೆ. ದಿ ನ್ಯೂ ಬಾರ್ಬೇರಿಯನ್ಸ್ ಅಮೆರಿಕದಲ್ಲಿ ವಾರಿಯರ್ಸ್ ಆಫ್ ದಿ ವೇಸ್ಟ್‌ಲ್ಯಾಂಡ್, ಬ್ಯಾಟಲ್‌ಟ್ರಕ್ ಅಲ್ಲಿ ವಾರ್‌ಲಾರ್ಡ್ಸ್ ಆಫ್ ದಿ 21ಸ್ಟ್ ಸೆಂಚುರಿ, ಮ್ಯಾಡ್ ಮ್ಯಾಕ್ಸ್ ಎರಡನೇ ಭಾಗ ದಿ ರೋಡ್ ವಾರಿಯರ್.